ನೀಲಿ ಔಷಧಕ್ಕೆ ಅಂಜಿದವರು

ದವಾಖಾನೆ ಅಂದಮೇಲೆ ಅಲ್ಲಿ ದಿನಾ ಒಂದಿಲ್ಲೊಂದು ನಡೆದೇ ನಡೆಯುತ್ತದೆ. ಆದರೆ ನಮ್ಮಲ್ಲಿ ಮೂತ್ರ ತಪಾಸಣೆಯ ಮೇಜಿನ ಮುಂದೆ ನಡೆದಷ್ಟು ಮಜಾ ಬೇರೆಲ್ಲೂ ನಡೆದಿರಲಿಕ್ಕಿಲ್ಲ. ಮಜಾ ಅಂತ ಈಗ ಹೇಳುತ್ತಿದ್ದೇನೆ. ಆಗ ಯಾರಿಗೂ ಹಾಗೆ ಅನಿಸಿರಲಿಲ್ಲ. ಬಂದವರಿಗೆ ಅಂಜಿಕೆ, ನೋಡುವ ನನಗೂ ಅಂಜಿಕೆ.

ನಾನು ಜಮಖಂಡಿಯಲ್ಲಿ ಒಬ್ಬ ಖಾಸಗಿ ಡಾಕ್ಟರರ ಹತ್ತಿರ ಕಂಪೌಂಡರ್ ಆಗಿದ್ದೆ. ಸಂಸ್ಥಾನ ಹೋಗಿ ನಾವು ಮುಂಬೈ ರಾಜ್ಯದವರಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ ಎಲ್ಲ ಕಡೆಯಿಂದ ಜನ ನಮ್ಮಲ್ಲಿಗೆ ಬರುತ್ತಿದ್ದರು. ರಕ್ತ ತೆಗೆದು ಸಕ್ಕರೆ ನೋಡುವ ಅನುಕೂಲ ನಮ್ಮಲ್ಲಿ ಇರಲಿಲ್ಲ. ಇದ್ದದ್ದು ಒಂದು ಸ್ಪಿರಿಟ್ ದೀಪ, ಕೆಲವು ಗಾಜಿನ ನಳಿಗೆ, ಒಂದು ದೊಡ್ಡ ಬಾಟ್ಲಿ ತುಂಬ ನೀಲಿ ಔಷಧ. ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ಮೂತ್ರದ ಕೆಲವು ಹನಿ ಬಿಟ್ಟು, ದೀಪದ ಮೇಲೆ ಕಾಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ. ಹಳದಿಯಾದರೆ ಇನ್ನೂ ಹೆಚ್ಚು. ಇಟ್ಟಂಗಿಯಂತೆ ಕೆಂಪಾದರೆ ಡಾಕ್ಟರರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು.

ಸಕ್ಕರಿ ಬ್ಯಾನಿ ಅಂದರೆ ಆಗ ಸಣ್ಣ ಮಾತಲ್ಲ. ಬೆನ್ನ ಮೇಲೆ ಹುಣ್ಣೆದ್ದು ಸತ್ತವರು, ಕಾಲು ಕತ್ತರಿಸಿಕೊಂಡವರು, ಕಣ್ಣು ಕಳಕೊಂಡವರು ಎಲ್ಲರ ಬಳಗದಲ್ಲೂ ಒಬ್ಬರಾದರೂ ಇದ್ದರು. ಹಾಗಾಗಿ ನಾನು ನಳಿಗೆಯನ್ನು ದೀಪದ ಮೇಲೆ ಹಿಡಿದರೆ ಎದುರಿಗೆ ಕೂತವರು ಉಸಿರು ಬಿಗಿ ಹಿಡಿಯುತ್ತಿದ್ದರು. ಅವರ ಮುಖ ನೋಡಿ ನನ್ನ ಕೈ ನಡುಗುತ್ತಿತ್ತು. ನನ್ನ ಕೈ ನಡುಗಿದ್ದು ಕಂಡು ಅವರು ಇನ್ನಷ್ಟು ಅಂಜುತ್ತಿದ್ದರು.

ಕಾಕಂಬಿ ಬಾಟ್ಲಿ

ಮುಧೋಳದ ಕಡೆಯ ಒಬ್ಬ ರೈತ ಬಂದ. ಕಬ್ಬು ಬೆಳೆದು ತನ್ನ ಗಾಣದಲ್ಲಿ ತಾನೇ ಬೆಲ್ಲ ಮಾಡುವ ಗಟ್ಟಿ ಆಳು. ಕುಡುಗೋಲು ತಾಗಿದ ಕಾಲಿನ ಗಾಯ ಮಾಯುತ್ತಿಲ್ಲ ಎಂಬುದು ಅವನ ತಕರಾರು. ಡಾಕ್ಟರರು ಗಾಯ ನೋಡಿ, "ನಾಳೆ ಮುಂಜಾನಿ ಒಂದು ಬಾಟ್ಲ್ಯಾಗ ಒಂದಕ್ಕ ತುಂಬಿಕೊಂಡು ಬಾ" ಅಂದರು.

ತಂದ. ನಾನು ಕಾಸಿದೆ. ನೀಲಿ ಹೋಗಿ ಹಸಿರು ಬಂತು, ಹಸಿರು ಹೋಗಿ ಹಳದಿ ಬಂತು, ನೋಡನೋಡುವುದರೊಳಗೆ ಅಂಥ ಕೆಂಪು ಬಂತೆಂದರೆ, ಹೊಸ ಮನೆಗೆ ತಂದ ಇಟ್ಟಂಗಿಯೂ ಅಷ್ಟು ಕೆಂಪಗಿರಲಿಕ್ಕಿಲ್ಲ. ಡಾಕ್ಟರರು ಮತ್ತೊಂದು ನಳಿಗೆಯಲ್ಲಿ ತಾವೇ ಕಾಸಿ ನೋಡಿದರು. ಅದೇ ಕೆಂಪು. ಕನ್ನಡಕ ತೆಗೆದಿಟ್ಟರು.

ಡಾಕ್ಟರರು ಊಟದ ಪಥ್ಯ ಹೇಳಿದರು, ಗಾಯಕ್ಕೆ ಪಟ್ಟಿ ಕಟ್ಟಿಸಿದರು. ಆ ಮನುಷ್ಯ ಎಲ್ಲದಕ್ಕೂ ಗೋಣು ಹಾಕಿ, ಎದ್ದು ಹೋದ. ಬಾಗಿಲ ಹೊರಗೆ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದ. ಹೋಗಿ ಮಾತಾಡಿಸುವ ಧೈರ್ಯ ನನಗಾಗಲಿಲ್ಲ.

ಮುಂದಿನ ಸಂತೆಗೆ ಹೆಂಡತಿ ಮತ್ತು ತಮ್ಮನನ್ನು ಕರಕೊಂಡು ಬಂದ. ಅರ್ಧ ಆಗಿಹೋಗಿದ್ದ. ಹೆಂಡತಿ ಹೇಳಿದಳು: ಊರಿಗೆ ಹೋದವನೇ ಮೊದಲು ತಮ್ಮನ ಮನೆಗೆ ಹೋದನಂತೆ. ಹೊಲದ ಬದುವಿನ ಮೇಲಿನ ಒಂದು ಬೇವಿನ ಗಿಡದ ಸಲುವಾಗಿ ಇಬ್ಬರಿಗೂ ವರ್ಷಗಟ್ಟಲೆ ಮಾತಿರಲಿಲ್ಲ. "ಆ ಗಿಡಾ ನಿಂದಽ ತಗೋ, ನಾ ಹೋದಮ್ಯಾಲ ಇವರನ್ನ ನೋಡ್ಕೊ" ಅಂತ ಅತ್ತನಂತೆ. ಮನೆಯಲ್ಲಿ ಜಗಳ ಬಿಟ್ಟ, ಬೈಗುಳ ಬಿಟ್ಟ, ಒಣ ರೊಟ್ಟಿ ಬಿಟ್ಟು ಬೇರೆ ಏನೂ ಮುಟ್ಟಲಿಲ್ಲ.

ನಾನು ದವಾಖಾನೆಯ ಬಾಟ್ಲಿ ಕೊಟ್ಟು, ತುಂಬಿಸಿ ತಂದದ್ದನ್ನು ಕಾಸಿದೆ. ನೀಲಿ. ಮತ್ತೆ ಕಾಸಿದೆ. ನೀಲಿಯೇ. ಡಾಕ್ಟರರು ಅವನನ್ನು ಎದುರಿಗೆ ಕೂಡಿಸಿಕೊಂಡರು.

"ಹೋದ ಸಲ ಯಾವ ಬಾಟ್ಲ್ಯಾಗ ತಂದಿದ್ದಿ?"

"ನಮ್ಮನಿ ಬಾಟ್ಲಿರಿ."

"ಅದರಾಗ ಮೊದಲ ಏನಿತ್ತು?"

"ಕಾಕಂಬಿ ಇತ್ರಿ."

ಕಾಕಂಬಿ ಅಂದರೆ ಬೆಲ್ಲ ಮಾಡುವಾಗ ಉಳಿಯುವ ಕಪ್ಪು ಪಾಕ. ಡಾಕ್ಟರರು ಕಣ್ಣು ಮುಚ್ಚಿಕೊಂಡರು. "ತೊಳಿಲಿಲ್ಲೇನು?"

"ಒಂದಕ್ಕ ತುಂಬೂ ಬಾಟ್ಲಿ ಯಾರ ತೊಳಿತಾರ್ರಿ?"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಗೋಡೆಗೆ ಒರಗಿ ಗಟ್ಟಿಯಾಗಿ ಉಸಿರುಬಿಟ್ಟ. ಗಾಯ ಮಾಯದಿದ್ದದ್ದು ಅದಕ್ಕೆ ಹಚ್ಚಿದ ಎಲೆಯ ರಸದಿಂದ ಅಂತ ಡಾಕ್ಟರರು ತಿಳಿಸಿ ಹೇಳಿ ಕಳಿಸಿದರು. ಗಂಡ ಹೆಂಡತಿ ರಸ್ತೆಗೆ ಇಳಿದಿದ್ದರು, ತಮ್ಮ ಮಾತ್ರ ಒಬ್ಬನೇ ತಿರುಗಿ ಒಳಗೆ ಬಂದ. ಡಾಕ್ಟರರ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದ:

"ಸಾಹೇಬ್ರ, ಹೊರಗ ಕಾಲಿಡೂದ್ರಾಗ ಮತ್ತ ಆ ಗಿಡದ ಮಾತ ತಗದಾನ್ರಿ. ಈ ವಾರ ನಮ್ಮಣ್ಣ ಭಾಳ ಛಲೋ ಇದ್ದ. ಇನ್ನೊಮ್ಮಿ ಅದಽ ಬಾಟ್ಲ್ಯಾಗ ತಾ ಅಂತ ಹೇಳಾಕ ಬರತೈತೇನ್ರಿ?"

ಹೊಟ್ಟಿ ಔಷಧ

ಆಗ ಮುಂಬೈ ರಾಜ್ಯದಲ್ಲಿ ದಾರೂಬಂದಿ ಇತ್ತು. ನಮ್ಮ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ತರಲಿಕ್ಕೂ ಪರವಾನಿಗಿ ಬೇಕಾಗುತ್ತಿತ್ತು ಅಂದರೆ ನೀವೇ ತಿಳಿಯಿರಿ. ಯಾರ ಚೀಲದಲ್ಲಿ ಬಾಟ್ಲಿ ಕಂಡರೂ ಪೊಲೀಸರ ಕಣ್ಣು ಅತ್ತ ತಿರುಗುತ್ತಿತ್ತು.

ಬನಹಟ್ಟಿಯ ಒಬ್ಬ ನೂಲಿನ ವ್ಯಾಪಾರಿ, ಮರ್ಯಾದೆಯ ಮನುಷ್ಯ, ಕೆಲವು ದಿನಗಳಿಂದ ಬಹಳ ನೀರಡಿಕೆ ಅಂತ ಒಳಗೊಳಗೇ ಹೆದರಿದ್ದರು. ಮನೆಯಲ್ಲಿ ಹೆಂಡತಿಗೂ ಹೇಳದೆ, ಒಂದು ಸಣ್ಣ ಬಾಟ್ಲಿಯನ್ನು ಕೋಟಿನ ಒಳಕಿಸೆಯಲ್ಲಿಟ್ಟುಕೊಂಡು ಜಮಖಂಡಿಯ ಮೋಟಾರು ಹತ್ತಿದರು. ಮೋಟಾರಿನ ತುಂಬ ಗುರುತಿನವರೇ. ನಡುದಾರಿಯಲ್ಲಿ ಒಬ್ಬ ಹವಾಲ್ದಾರ ಮೋಟಾರು ತಡೆದು ಎಲ್ಲರ ಚೀಲ ತಡಕಿದ. ಇವರ ಕೋಟು ಉಬ್ಬಿದ್ದು ಕಂಡಿತು.

"ಏನ್ರಿ ಇದು?"

ಗಿರಾಕಿಗಳು, ನೇಕಾರರು, ಪರಿಚಯದ ಹೆಂಗಸರು ಎಲ್ಲರ ಮುಂದೆ ಖರೆ ಹೇಳಲಿಕ್ಕೆ ಬಾಯಿ ಬರಲಿಲ್ಲ. "ಔಷಧರಿ" ಅಂದರು.

"ಯಾತರ ಔಷಧ?"

"ಹೊಟ್ಟಿದು."

"ಹಂಗಾರ ಒಂದ್ ಗುಟುಕ ಕುಡದ ತೋರಸ್ರಿ."

ವ್ಯಾಪಾರಿಯ ಮೈಯೆಲ್ಲ ಬೆವರಿತು. "ಈಗಽ ಉಂಡ ಬಂದೇನ್ರಿ. ಹಸದ ಹೊಟ್ಟಿಗೆ ತಗೋಬೇಕಂತ ಡಾಕ್ಟರ್ ಹೇಳ್ಯಾರ" ಅಂದರು. ಹವಾಲ್ದಾರನಿಗೆ ಸಂಶಯ ಗಟ್ಟಿಯಾಯಿತು. ಇವರನ್ನು ಕೆಳಗಿಳಿಸಿ, ಮೋಟಾರಿನ ಹಿಂದಕ್ಕೆ ಕರಕೊಂಡು ಹೋಗಿ ಬಾಟ್ಲಿಯ ಬಿರಡೆ ತೆಗೆದು ನೋಡಿದ. ತೀರ್ಮಾನ ಆಗಲಿಲ್ಲ. ಹೇಳಿದ ಡಾಕ್ಟರರನ್ನೇ ಕೇಳೋಣ ಅಂತ ಸೀದಾ ನಮ್ಮ ದವಾಖಾನೆಗೆ ಕರಕೊಂಡು ಬಂದ.

ಒಳಗೆ ಬಂದಾಗ ವ್ಯಾಪಾರಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದು ಕಡೆ ಜೇಲು, ಇನ್ನೊಂದು ಕಡೆ ಸಕ್ಕರಿ ಬ್ಯಾನಿ. ಯಾವುದಕ್ಕೆ ಮೊದಲು ಅಂಜಬೇಕು ಅವರಿಗೆ ತಿಳಿಯದಾಗಿತ್ತು. ಹವಾಲ್ದಾರ ಬಾಟ್ಲಿಯನ್ನು ಮೇಜಿನ ಮೇಲಿಟ್ಟು, "ಇದು ದಾರೂ ಹೌದೋ ಅಲ್ಲೋ ನೋಡಿ ಹೇಳ್ರಿ ಸಾಹೇಬ್ರ" ಅಂದ. ಡಾಕ್ಟರರು ವಾಸನೆ ನೋಡಿದರು, ವ್ಯಾಪಾರಿಯ ಮುಖ ನೋಡಿದರು, ಬಾಟ್ಲಿಯನ್ನು ನನ್ನ ಕಡೆ ಸರಿಸಿದರು.

ನಾನು ನಳಿಗೆ ಹಿಡಿದೆ. ಈ ಸಲ ಎದುರಿಗೆ ಉಸಿರು ಬಿಗಿ ಹಿಡಿದವರು ಇಬ್ಬರು. ಕುದಿ ಬಂತು. ನೀಲಿ ನೀಲಿಯಾಗಿಯೇ ಉಳಿಯಿತು.

"ಏನಾತ್ರಿ?" ಅಂದ ಹವಾಲ್ದಾರ.

"ದಾರೂ ಅಲ್ಲ" ಅಂದರು ಡಾಕ್ಟರರು. ಆಮೇಲೆ ವ್ಯಾಪಾರಿಯ ಕಡೆ ತಿರುಗಿ, "ಸಕ್ಕರಿನೂ ಇಲ್ಲ."

ವ್ಯಾಪಾರಿ ಕುರ್ಚಿಯ ಮೇಲೆ ಕುಸಿದು ಕೂತು ಮುಖಕ್ಕೆ ಪಂಜೆ ಹಿಡಿದು ಅತ್ತುಬಿಟ್ಟರು. ಹವಾಲ್ದಾರನಿಗೆ ಏನೂ ತಿಳಿಯಲಿಲ್ಲ. "ಸಕ್ಕರಿ ಯಾಕ ನೋಡಿದ್ರಿ ಇದರಾಗ?" ಅಂದ. ಡಾಕ್ಟರರು ಅವನನ್ನು ಕಿಟಕಿಯ ಹತ್ತಿರ ಕರೆದು, ಅದು ಏನು ಅಂತ ಕಿವಿಯಲ್ಲಿ ಹೇಳಿದರು.

ಹವಾಲ್ದಾರ ಬಲಗೈಯ ಒಂದು ಬೆರಳನ್ನು ಖಾಕಿ ಚೊಣ್ಣಕ್ಕೆ ತಿಕ್ಕಿ ತಿಕ್ಕಿ ಒರೆಸಿಕೊಂಡ.

"ಸಕ್ಕರಿ ಇಲ್ಲಂತ" ಅಂದ ಮೆಲ್ಲಗೆ, "ನಾ ಮೋಟಾರದ ಹತ್ರನಽ ಹೇಳತಿದ್ನಿರಿ."

ಮಾಸ್ತರರ ಎಮ್ಮೆ

ಮುಧೋಳದ ಒಬ್ಬ ನಿವೃತ್ತ ಮಾಸ್ತರರಿಗೆ ಯಾರೋ ಒಂದು ಆರೋಗ್ಯದ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಬರೆದ ಲಕ್ಷಣಗಳೆಲ್ಲ ತಮಗಿವೆ ಅಂತ ಅವರ ನಂಬಿಕೆ. ಕೆಲವು ದಿನಕ್ಕೊಮ್ಮೆ ಬಾಟ್ಲಿ ಹಿಡಿದು ಬರುತ್ತಿದ್ದರು. ಪ್ರತಿ ಸಲ ನೀಲಿ. ಪ್ರತಿ ಸಲ, "ಇವತ್ತ ನೀಲಿ, ನಾಳೆ?" ಅಂತ ಕೇಳುತ್ತಿದ್ದರು. ತಮಾಷೆಗಲ್ಲ, ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಿದ್ದರು. ಅವರ ಅಣ್ಣ ಈ ಬ್ಯಾನಿಯಿಂದಲೇ ಕುರುಡರಾಗಿ ತೀರಿಕೊಂಡಿದ್ದರು.

ಅವರ ಓಡಾಟ ನೋಡಲಾಗದೆ ಡಾಕ್ಟರರು ಒಂದು ಸಣ್ಣ ಸೀಸೆ ನೀಲಿ ಔಷಧ, ಒಂದು ನಳಿಗೆ ಕೊಟ್ಟು, "ಮನ್ಯಾಗಽ ನೋಡ್ಕೋರಿ" ಅಂದರು. ಮಾಸ್ತರರು ಅದನ್ನು ಎರಡೂ ಕೈಯಿಂದ ಇಸಕೊಂಡರು.

ಕೆಲವು ದಿನ ಸುದ್ದಿ ಇರಲಿಲ್ಲ. ಆಮೇಲೆ ಒಂದು ಮುಂಜಾನೆ ಅವರು, ಅವರ ಹಿಂದೆ ಅವರ ಮನೆಯವರು, ಗಂಡ ಹೆಂಡತಿ ಇಬ್ಬರೂ ಬಂದರು. ಮಾಸ್ತರರ ಮುಖ ಬಾಡಿತ್ತು. ಮನೆಯವರ ಮುಖ ಬಾಡಿರಲಿಲ್ಲ, ಬಿಗಿದಿತ್ತು.

"ಕೆಂಪು ಬಂತ್ರಿ" ಅಂದರು ಮಾಸ್ತರರು.

ಡಾಕ್ಟರರು ಎದ್ದು ನಿಂತರು. "ನಿಮ್ಮದೇನು?"

"ನಂದಲ್ರಿ. ಎಮ್ಮೀದು."

ಆದದ್ದು ಇಷ್ಟು. ಮಾಸ್ತರರು ತಮ್ಮದು ನೋಡಿಕೊಂಡರು, ಮನೆಯವರದು ನೋಡಿದರು, ಬಂದ ಅಳಿಯನದು ನೋಡಿದರು. ಎಲ್ಲ ನೀಲಿಯೇ ಬರುತ್ತಿದ್ದದ್ದಕ್ಕೆ ಔಷಧದ ಮೇಲೆಯೇ ಅವರಿಗೆ ಸಂಶಯ ಬಂತು. ಅದು ಕೆಲಸ ಮಾಡುತ್ತದೋ ಇಲ್ಲೋ ಅಂತ ಗಂಜಿ ಕಾಸಿದರು, ಬಾವಿಯ ನೀರು ಕಾಸಿದರು, ಕೊನೆಗೆ ಎಮ್ಮೆಯ ಹಾಲಿನ ಕೆಲವು ಹನಿ ಬಿಟ್ಟು ಕಾಸಿದರು. ಹಾಲು ಕೆಂಪಾಯಿತು. ಅಂದಿನಿಂದ ಮನೆಯಲ್ಲಿ ಹಾಲು ಬಂದ್. ಎಮ್ಮೆಗೆ ಹತ್ತಿಕಾಳು ಬಂದ್, ಹಿಂಡಿ ಬಂದ್. ಬರೀ ಒಣ ಕಣಿಕೆ. ಅದೂ ಸಾಲದೆ, ನಡೆದಾಡಿದರೆ ಸಕ್ಕರೆ ಇಳಿಯುತ್ತದೆ ಅಂತ ಪುಸ್ತಕದಲ್ಲಿದ್ದ ಕಾರಣ, ಮುಂಜಾನೆ ಸಂಜೆ ಹಗ್ಗ ಹಿಡಿದು ಎಮ್ಮೆಯನ್ನು ಊರ ಹೊರಗಿನವರೆಗೆ ತಿರುಗಾಡಿಸಿಕೊಂಡು ಬರುತ್ತಿದ್ದರು.

ಡಾಕ್ಟರರು ಸಮಾಧಾನದಿಂದ ತಿಳಿಸಿ ಹೇಳಿದರು. ಹಾಲಿನಲ್ಲಿ ಹುಟ್ಟಿನಿಂದಲೇ ಒಂದು ತರಹದ ಸಕ್ಕರೆ ಇರುತ್ತದೆ, ಎಮ್ಮೆಯಾಗಲಿ ಆಕಳಾಗಲಿ ತಾಯಿಯಾಗಲಿ ಎಲ್ಲರ ಹಾಲೂ ಹಾಗೆಯೇ, ಅದು ಬ್ಯಾನಿ ಅಲ್ಲ.

ಮಾಸ್ತರರು ಪೂರ್ತಿ ಕೇಳಿ, "ನೀವು ಹೇಳೂದು ಖರೆ ಇರಬಹುದು. ಆದ್ರ ಎಮ್ಮಿ ಬಡವಾಗೇದಲ್ರಿ. ಬಡವಾಗೂದೂ ಒಂದ ಲಕ್ಷಣ ಅಂತ ಬರದಾರ" ಅಂದರು.

ಮನೆಯವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಡಾಕ್ಟರ, ಎಮ್ಮಿದು ನಾ ನೋಡ್ಕೋತೀನಿ. ಇವರಿಗೇನರೆ ಒಂದು ಗುಳಿಗಿ ಇದ್ರ ಕೊಡ್ರಿ."

ಲೋಕಾಪುರದ ರೈತ

ನಮ್ಮ ಡಾಕ್ಟರರು ಎಲ್ಲರದನ್ನೂ ನೋಡುತ್ತಿದ್ದರು, ತಮ್ಮದನ್ನು ಮಾತ್ರ ಎಂದೂ ನೋಡಿಕೊಂಡಿರಲಿಲ್ಲ. ದೊಡ್ಡ ಮೈಯ ಮನುಷ್ಯ, ಹೋಳಿಗೆ ಅಂದರೆ ಪ್ರಾಣ. ಅವರ ತಂದೆ ಬೆನ್ನ ಮೇಲಿನ ಹುಣ್ಣಿನಿಂದ ತೀರಿಕೊಂಡದ್ದು ಊರಿಗೆಲ್ಲ ಗೊತ್ತಿತ್ತು. ಆ ಮಾತು ಬಂದರೆ ಅವರು ಬೇರೆ ಮಾತು ತೆಗೆಯುತ್ತಿದ್ದರು.

ಒಂದು ಬೇಸಿಗೆ ಅವರು ಪೇಷಂಟರ ನಡುವೆ ಎದ್ದೆದ್ದು ಹೋಗಿ ನೀರು ಕುಡಿಯುವುದು ಹೆಚ್ಚಾಯಿತು. ಬಿಸಿಲಿಗೆ ಅಂತ ಅವರೇ ಹೇಳಿದರು. ಬಿಸಿಲು ಹೋಯಿತು, ಮಳೆ ಬಂತು, ನೀರು ಕುಡಿಯುವುದು ನಿಲ್ಲಲಿಲ್ಲ. ನಾನು ನೋಡುತ್ತಿದ್ದೆ. ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಒಂದು ದಿನ ದವಾಖಾನೆಯ ಹಿಂದಿನ ಮನೆಯಿಂದ ಅವರು ಒಂದು ಬಾಟ್ಲಿ ಹಿಡಿದುಕೊಂಡು ಬಂದರು. "ಲೋಕಾಪುರದಿಂದ ಒಬ್ಬ ರೈತ ಕಳಿಸ್ಯಾನ. ನೋಡು" ಅಂದು, ಬೆನ್ನು ತಿರುಗಿಸಿ ಕಪಾಟಿನಲ್ಲಿ ಏನೋ ಹುಡುಕತೊಡಗಿದರು.

ಲೋಕಾಪುರ ನಮ್ಮಲ್ಲಿಂದ ದೂರ. ಬಾಟ್ಲಿ ಇನ್ನೂ ಬೆಚ್ಚಗಿತ್ತು.

ನಾನು ಕಾಸಿದೆ. ನೀಲಿ ಹೋಯಿತು. ಹಸಿರು ನಿಲ್ಲಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ನಿಲ್ಲಲಿಲ್ಲ. ಹಳದಿಗೆ ಬಂದು ನಿಂತಿತು.

"ಏನ ಬಂತು?" ಅಂದರು, ಕಪಾಟಿನ ಕಡೆಯೇ ನೋಡುತ್ತ.

"ಹಳದಿರಿ."

ಕಪಾಟಿನಲ್ಲಿ ಕೈ ನಿಂತಿತು. "ಆ ರೈತಗ ಏನ ಹೇಳೂಣು?" ಅಂದರು. ಅಷ್ಟು ಸಣ್ಣ ದನಿ ಅವರದು ಅಂತ ನನಗೆ ಅನಿಸಲಿಲ್ಲ.

ದಿನಾ ಅವರು ಬೇರೆಯವರಿಗೆ ಹೇಳುತ್ತಿದ್ದದ್ದೇ ನನಗೆ ಬಾಯಿಪಾಠ ಆಗಿತ್ತು. "ಅಂಜೂದೇನ ಇಲ್ಲಂತ ಹೇಳ್ರಿ. ಸಿಹಿ ಬಿಡಬೇಕು, ಅನ್ನ ಕಡಿಮಿ ಮಾಡಬೇಕು, ದಿನಾ ನಡೀಬೇಕು. ಆಗಾಗ ನೋಡಿಸ್ಕೋಬೇಕು. ಬೇಕಾದ್ರ ಆಮ್ಯಾಲ ಸೂಜಿ ಇದ್ದಽ ಅದ ಅಂತ ಹೇಳ್ರಿ."

"ಕೇಳ್ತಾನೋ ಇಲ್ಲೋ" ಅಂದರು.

"ಹೆಂಡ್ತಿ ಮಕ್ಕಳ ಇರೂ ಮನಷ್ಯಾ. ಕೇಳ್ತಾನ್ರಿ."

ಅವತ್ತು ಸಂಜೆ ಅವರು ಕೋಲು ಹಿಡಿದು ಗುಡ್ಡದ ದಾರಿಗೆ ನಡೆಯಲು ಹೋದರು. ಅದರ ಮರುದಿನವೂ ಹೋದರು. ನಾನು ಆಗಾಗ, "ಲೋಕಾಪುರದ ರೈತಗ ಹೆಂಗದರಿ?" ಅಂತ ಕೇಳುತ್ತಿದ್ದೆ. "ಬ್ಯಾಸರ ಮಾಡ್ಕೊಂಡಾನ. ಆದ್ರ ನಡದಾನ" ಅನ್ನುತ್ತಿದ್ದರು. ಬಾಟ್ಲಿಗಳು ಬರುತ್ತಲೇ ಇದ್ದವು, ಎಲ್ಲ ಬೆಚ್ಚಗೇ ಇರುತ್ತಿದ್ದವು. ಹಳದಿ ಮೆಲ್ಲಗೆ ಹಸಿರಿಗೆ ತಿರುಗಿತು. ಹೀಗೆ ನಾವಿಬ್ಬರೂ ಆ ರೈತನನ್ನು ಯಾರಿಗೂ ತಿಳಿಯದಂತೆ ಕಾಪಾಡಿದೆವು ಅಂತ ತಿಳಿದಿದ್ದೆವು.

ಹಬ್ಬದ ದಿನ ಡಾಕ್ಟರರು ದವಾಖಾನೆಯಲ್ಲೇ ಕೂತು, ಒಳಗಿನ ಅಡಿಗೆಯ ವಾಸನೆಗೆ ಸುಮ್ಮನೆ ಮೂಗು ಎತ್ತಿದ್ದರು. ಆಗ ಒಳಬಾಗಿಲ ಪರದೆ ಸರಿಸಿ ಅವರ ಹೆಂಡತಿ ನನ್ನನ್ನು ಕರೆದರು.

"ಇವತ್ತ ನೀನೂ ಇಲ್ಲೇ ಊಟಕ್ಕ ಬಾರಪ್ಪಾ. ನಿಮ್ಮ ಸಾಹೇಬರನ್ನೂ ಕರಕೊಂಡು ಬಾ" ಅಂದರು. ಹೋಗುತ್ತ ಹೋಗುತ್ತ ತಿರುಗಿ ನೋಡಿ, "ಮತ್ತ ಆ ಲೋಕಾಪುರದ ರೈತಗ ಹೇಳು, ಅವರಿಗೆ ಹೋಳಿಗಿ ಇಲ್ಲ, ಬರೇ ರೊಟ್ಟಿ ಪಲ್ಯ ಅಂತ."

ಇರವಿ

ಇದು ಒಂದು ಲಗ್ನದ ಮಾತು. ಲಗ್ನ ಮುಂದೆ ಚೆನ್ನಾಗಿಯೇ ಆಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬೀಳಗಿಯ ಹತ್ತಿರದ ಒಂದು ಹಳ್ಳಿಯ ಕುಲಕರ್ಣಿಯವರು ಒಬ್ಬಳೇ ಮಗಳನ್ನು ರಬಕವಿಯ ಹುಡುಗನಿಗೆ ಗೊತ್ತು ಮಾಡಿದ್ದರು. ಹುಡುಗ ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತ. ಜಾತಕ ಕೂಡಿತ್ತು, ಮಾತುಕತೆ ಮುಗಿದಿತ್ತು. ಆಮೇಲೆ ಯಾರೋ ಕುಲಕರ್ಣಿಯವರ ಕಿವಿಗೆ ಹಾಕಿದರು, ಹುಡುಗನ ತಂದೆ ಸಕ್ಕರಿ ಬ್ಯಾನಿಯಿಂದ ಸಣ್ಣ ವಯಸ್ಸಿನಲ್ಲೇ ಹೋದವರು ಅಂತ. ಕುಲಕರ್ಣಿಯವರಿಗೆ ಊಟ ಸೇರದಾಯಿತು. ಮಗಳು ಸಣ್ಣ ವಯಸ್ಸಿಗೇ ಕುಂಕುಮ ಕಳಕೊಂಡು ಮನೆಗೆ ಬಂದಂತೆ ಕಣ್ಣ ಮುಂದೆ ಕಾಣತೊಡಗಿತಂತೆ. ನಮ್ಮ ಡಾಕ್ಟರರ ಮುಂದೆ ಬಂದು ಕೂತರು.

"ಅಪ್ಪಗಿದ್ದದ್ದು ಮಗಗೂ ಬರ್ತದೇನ್ರಿ?"

"ಬರಬಹುದು, ಬರದಽ ಇರಬಹುದು. ಹುಡುಗನ್ನ ಕರಕೊಂಡ ಬರ್ರಿ, ಈಗ ಅದನೋ ಇಲ್ಲೋ ಅಷ್ಟು ನೋಡೋಣು."

"ಹ್ಯಾಂಗ ಕರೀಲ್ರಿ? ಬೀಗರ ಮನಿಗೆ ಹೋಗಿ, ನಿಮ್ಮ ಹುಡುಗನ ಮೂತ್ರ ಒಂದಿಷ್ಟು ಕೊಡ್ರಿ ಅಂತ ಯಾವ ಬಾಯಿಂದ ಕೇಳ್ಳಿ?"

ಅವತ್ತು ಪೇಷಂಟರ ಗದ್ದಲ ಬಹಳ. ಡಾಕ್ಟರರು "ಹಿಂದಿನವರಿಗೆ ನಳಿಗಿ ಎಲ್ಲಿತ್ರಿ? ಒಂದಕ್ಕ ಮಾಡಿದಲ್ಲೆ ಇರವಿ ಮುತ್ತಿದ್ವು ಅಂದ್ರ ಸಿಹಿಮೂತ್ರ ಅಂತ ತಿಳೀತಿದ್ರು" ಅಂತ ಸಹಜವಾಗಿ ಒಂದು ಮಾತು ಅಂದು, ಮುಂದಿನ ಪೇಷಂಟನನ್ನು ಕರೆದರು. ಕುಲಕರ್ಣಿಯವರು ಆ ಇರುವೆಯ ಮಾತನ್ನು ಕಟ್ಟಿಕೊಂಡು ಹೋದರು.

ಮುಂದಿನದು ಮಾವ ಅಳಿಯ ಇಬ್ಬರ ಬಾಯಿಂದಲೇ ಕೇಳಿದ್ದು. ಮದುವೆಯ ಸೀರೆ ನೋಡುವ ನೆವ ಮಾಡಿ ಕುಲಕರ್ಣಿಯವರು ರಬಕವಿಗೆ ಹೋದರು. ಬೀಗರ ಮನೆಯಲ್ಲಿ ಊಟ ಆಯಿತು. ಊಟವಾದ ಮೇಲೆ ಹುಡುಗ ಹಿತ್ತಲಿಗೆ ಹೋಗಿ ಬಂದ. ಇವರು ಅಡಿಕೆ ಎಲೆ ಹಾಕಿಕೊಂಡು, ಕೈ ತೊಳೆಯುವವರಂತೆ ಮೆಲ್ಲಗೆ ಹಿತ್ತಲಿಗೆ ಹೋಗಿ, ಗೋಡೆಯ ಬುಡದಲ್ಲಿ ಒದ್ದೆಯಾಗಿದ್ದ ಜಾಗದ ಮುಂದೆ ಧೋತರ ಎತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂತರು.

ಬಹಳ ಹೊತ್ತಾದರೂ ಮಾವ ಬರಲಿಲ್ಲ ಅಂತ ಹುಡುಗ ಹುಡುಕಿಕೊಂಡು ಬಂದ.

"ಏನರೆ ಬಿದ್ದದೇನ್ರಿ ಮಾವಾರ?"

ಕುಲಕರ್ಣಿಯವರಿಗೆ ಸುಳ್ಳು ಹೊಳೆಯಲಿಲ್ಲ. "ಇರವಿ ನೋಡ್ಲಿಕತ್ತೀನಿ" ಅಂದರು.

ಹುಡುಗ ಸಿಟ್ಟಾಗುತ್ತಾನೆ, ಲಗ್ನ ಮುರಿಯಿತು ಅಂತ ಇವರು ಕಣ್ಣು ಮುಚ್ಚಿದರು. ಹುಡುಗ ಬಂದು ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ನಾನೂ ದಿನಾ ನೋಡ್ತೀನ್ರಿ" ಅಂದ. "ಅಪ್ಪ ಹೋದಾಗಿಂದ. ದವಾಖಾನಿಗೆ ಹೋಗ್ಲಿಕ್ಕೆ ಅಂಜಿಕಿ ಬರ್ತದ. ಇರವಿ ಬರಲಿಲ್ಲಂದ್ರ ಆ ದಿನ ಉಂಡದ್ದು ಮೈಗೆ ಹತ್ತತದ."

ಇಬ್ಬರೂ ಗೋಡೆಯ ಬುಡ ನೋಡುತ್ತ ಕೂತರು. ಒಂದು ಇರವಿ ಬಂತು. ಕುಲಕರ್ಣಿಯವರು ಹುಡುಗನ ಮೊಣಕೈ ಹಿಡಿದರು. ಇರವಿ ಒದ್ದೆಯ ಅಂಚಿನವರೆಗೆ ಬಂದು ನಿಂತಿತು, ಮೀಸೆ ಆಡಿಸಿತು, ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತಿರುಗಿತು, ಆಮೇಲೆ ಬಿದ್ದ ಪೇರಲ ಎಲೆಯೊಂದರ ಕೆಳಗೆ ಹೋಯಿತು.

"ಹೋತ್ರಿ" ಅಂದ ಹುಡುಗ.

"ತಡಿ, ಉಳದವರನ್ನ ಕರೀಲಿಕ್ಕೆ ಹೋಗಿರಬಹುದು" ಅಂದರು ಕುಲಕರ್ಣಿಯವರು.

ಒಳಗಿನಿಂದ ಹುಡುಗನ ತಾಯಿ, "ಇಬ್ಬರೂ ಕೂಡಿ ಅಲ್ಲೇನ ಮಾಡ್ಲಿಕತ್ತೀರಿ?" ಅಂತ ಕೂಗಿದರು. ಇಬ್ಬರೂ ಎದ್ದು, ಸೀರೆಗೆ ಹೋಗುತ್ತೇವೆ ಅಂತ ಹೇಳಿ, ಸೀದಾ ಜಮಖಂಡಿಗೆ ಬಂದರು. ಒಬ್ಬರೇ ಬರಲಿಕ್ಕೆ ಇಬ್ಬರಿಗೂ ಧೈರ್ಯ ಇರಲಿಲ್ಲ, ಜೊತೆಯಾದದ್ದೇ ಅನುಕೂಲ ಆಯಿತು.

ನಾನು ನಳಿಗೆ ಹಿಡಿದಾಗ ಮಾವ ಅಳಿಯ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದರು. ಕುದಿ ಬಂತು, ನೊರೆ ಎದ್ದಿತು, ಇಳಿಯಿತು. ಆಕಾಶದಂಥ ನೀಲಿ. ಹುಡುಗ ನೆಲದ ಮೇಲೆ ಕೂತೇಬಿಟ್ಟ. ಕುಲಕರ್ಣಿಯವರು ಟೊಪ್ಪಿಗೆ ತೆಗೆದು, ಆ ನಳಿಗೆಗೆ ಕೈ ಮುಗಿದರು.

"ಇನ್ನ ಎಂದೂ ಬರೂದಿಲ್ಲಲ್ರಿ ಡಾಕ್ಟರ?"

"ಅದನ್ನ ನಾ ಹ್ಯಾಂಗ ಹೇಳ್ಳಿ? ಈ ನಳಿಗಿಗೆ ಇವತ್ತಿನ ಸುದ್ದಿ ಅಷ್ಟಽ ಗೊತ್ತು. ತಂದಿಗಿತ್ತು ಅಂದಮ್ಯಾಲೆ ಬಾಯಿ ಹಿಡದು ಉಣಬೇಕು, ವರ್ಷಕ್ಕೊಮ್ಮೆ ಬಂದು ನೋಡಿಸ್ಕೋಬೇಕು. ಬಂದ್ರೂ ಲಗೂನ ಗೊತ್ತಾತಂದ್ರ ಅಂಜೂ ಕಾರಣಿಲ್ಲ."

ಕುಲಕರ್ಣಿಯವರು ವಿಚಾರ ಮಾಡಿ, ಅಳಿಯನ ಕಡೆ ತಿರುಗಿದರು. "ಹಂಗಾದ್ರ ಇದೊಂದು ಮಾತು ಕೊಡ್ರಿ. ಪ್ರತಿ ದೀಪಾವಳಿಗೆ ನಮ್ಮನಿಗೆ ಬಂದಾಗ ಮೊದಲ ಬಾಟ್ಲಿ, ಆಮ್ಯಾಲೆ ಕರಜಿಕಾಯಿ."

"ಆಗಲ್ರಿ ಮಾವಾರ" ಅಂದ ಹುಡುಗ. ಅವನಿಗೆ ಈಗ ಧೈರ್ಯ ಬಂದಿತ್ತು. ಎದ್ದು ಧೋತರ ಝಾಡಿಸಿಕೊಂಡು, "ಇಲ್ಲಿತನಕ ಬಂದೀವಿ, ನಿಮ್ಮದೂ ಒಮ್ಮೆ ನೋಡಿಬಿಡೋಣಲ್ರಿ. ನಾಳೆ ನಮಗ ಮಕ್ಕಳಾಗ್ತಾವ. ಅಜ್ಜನ ಕಡಿಂದನೂ ಬರಬಹುದಲ್ರಿ ಡಾಕ್ಟರ?" ಅಂದ.

"ಬರಬಹುದು" ಅಂದರು ಡಾಕ್ಟರರು.

ನಾನು ತೊಳೆದಿಟ್ಟ ಒಂದು ಬಾಟ್ಲಿಯನ್ನು ಕುಲಕರ್ಣಿಯವರ ಮುಂದೆ ಹಿಡಿದೆ. ಅವರು ಬಾಟ್ಲಿ ನೋಡಿದರು, ದೀಪ ನೋಡಿದರು, ನೀಲಿ ಔಷಧ ನೋಡಿದರು. ತಲೆಗೆ ಟೊಪ್ಪಿಗೆ ಇಟ್ಟುಕೊಂಡರು.

"ನಂದೇನ ನೋಡೂದದ? ನನಗ ಬೀಳಗಿಗೆ ಹೋಗ್ಲಿಕ್ಕೆ ಹೊತ್ತಾತು" ಅಂದವರೇ ಹೊರಗೆ ಬಿದ್ದರು. ಹುಡುಗ "ಮಾವಾರ, ಮಾವಾರ" ಅನ್ನುತ್ತ ಮೆಟ್ಟಿಲವರೆಗೆ ಓಡಿದ. ನಾನೂ ಬಾಟ್ಲಿ ಹಿಡಿದುಕೊಂಡೇ ಹಿಂದೆ ಹೋದೆ. ಅಷ್ಟರಲ್ಲಿ ಅವರು ಬಜಾರದ ತಿರುವಿನಲ್ಲಿ ಹೊರಟಿದ್ದ ಒಂದು ಎತ್ತಿನ ಗಾಡಿ ಹತ್ತಿ, ನೂಲಿನ ಗಂಟುಗಳ ನಡುವೆ ಕೂತು, "ಲಗೂ ಹೊಡಿಯಪ್ಪಾ" ಅಂತ ಗಾಡಿಯವನಿಗೆ ಅವಸರ ಮಾಡುತ್ತಿದ್ದರು.

ಆ ಗಾಡಿ ಬೀಳಗಿಗೆ ಬೆನ್ನು ಮಾಡಿ ಬನಹಟ್ಟಿಗೆ ಹೊರಟಿತ್ತು.